₹200ರ ಜಗಳದಲ್ಲಿ ಮರೆತುಹೋದ ಸೀಟು

ಸಿನಿಮಾ ಟಿಕೆಟ್ ದರಕ್ಕೆ ₹200ರ ಮಿತಿ ಹಾಕಿ ರಾಜ್ಯ ಸರ್ಕಾರ 2025ರ ಸೆಪ್ಟೆಂಬರ್ 12ರಂದು ಅಧಿಸೂಚನೆ ಹೊರಡಿಸಿತು. ಹನ್ನೊಂದು ದಿನ ಕಳೆಯುವಷ್ಟರಲ್ಲಿ ಹೈಕೋರ್ಟ್ ಅದಕ್ಕೆ ಮಧ್ಯಂತರ ತಡೆ ಕೊಟ್ಟಿತು. ಮಾರಿದ ಪ್ರತಿ ಟಿಕೆಟ್‌ನ ಲೆಕ್ಕ ಇಡಬೇಕೆಂದು ವಿಭಾಗೀಯ ಪೀಠ ಹೇಳಿದಾಗ ಮಲ್ಟಿಪ್ಲೆಕ್ಸ್‌ನವರು ದೆಹಲಿಯ ಬಾಗಿಲು ತಟ್ಟಿದರು. ನವೆಂಬರ್ 3ರಂದು ಸುಪ್ರೀಂ ಕೋರ್ಟ್ ಆ ನಿರ್ದೇಶನವನ್ನೂ ತಡೆಹಿಡಿಯಿತು. ಅದೇ ಹೊತ್ತಿಗೆ ಕಾಫಿ, ನೀರಿನ ಬಾಟಲಿಗೆ ಮಲ್ಟಿಪ್ಲೆಕ್ಸ್‌ಗಳು ಕೀಳುವ ದುಡ್ಡಿನ ಬಗ್ಗೆ ಚಾಟಿಯನ್ನೂ ಬೀಸಿತು. 2017ರಲ್ಲೂ ಇಂಥದೇ ಆದೇಶ ಹೊರಟು ನ್ಯಾಯಾಲಯದಲ್ಲೇ ಸಿಕ್ಕಿಕೊಂಡಿತ್ತು.

ಈ ಇಡೀ ಜಗಳ ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿಯ ಪ್ರೇಕ್ಷಕನ ತಲೆಯ ಮೇಲಿಂದ ಹಾದುಹೋಗಿದೆ. ತಾಲ್ಲೂಕು ಕೇಂದ್ರದ ಏಕಪರದೆ ಚಿತ್ರಮಂದಿರದಲ್ಲಿ ಬಾಲ್ಕನಿ ಟಿಕೆಟ್ ಕೂಡ ಸಾಮಾನ್ಯವಾಗಿ ₹200ರ ಹತ್ತಿರ ಸುಳಿಯುವುದಿಲ್ಲ. ಮಿತಿ ಇದ್ದರೂ ಅಷ್ಟೇ, ಬಿದ್ದರೂ ಅಷ್ಟೇ. ಇಲ್ಲಿನ ತೊಂದರೆ ದರದ್ದಲ್ಲ, ಸೀಟಿನದು. ದುಡ್ಡು ಕೊಟ್ಟವರಿಗೆ ಇಲ್ಲಿ ಸಿಗುವುದು ಒಳಗೆ ಹೋಗುವ ಹಕ್ಕು ಮಾತ್ರ. ಕೂರಲು ಜಾಗ ಎಲ್ಲಿ, ಯಾರ ಪಕ್ಕ, ಮನೆಮಂದಿಯೆಲ್ಲ ಒಟ್ಟಿಗೋ ಚದುರಿಯೋ ಎಂಬುದನ್ನು ಗೇಟು ತೆಗೆದ ಮೇಲಿನ ಎರಡು ನಿಮಿಷದ ನೂಕುನುಗ್ಗಲು ತೀರ್ಮಾನಿಸುತ್ತದೆ.

ದೊಡ್ಡ ನಟನ ಚಿತ್ರ ಬಿಡುಗಡೆಯಾದ ದಿನದ ಮೊದಲನೇ ಆಟವನ್ನು ನೋಡಿ. ಕಬ್ಬಿಣದ ಸರಳುಗಳ ನಡುವೆ ಒಬ್ಬೊಬ್ಬರೇ ಸರಿಯುವ ಸಾಲು. ಅದರ ತುದಿಗೆ ಒಂದು ಕೈ ತೂರುವಷ್ಟು ಕಿಂಡಿ. ಮುದುಡಿದ ನೋಟು ಒಳಹೋಗಿ ತೆಳು ಬಣ್ಣದ ಕಾಗದ ಹೊರಬರುತ್ತದೆ. ಅದರಲ್ಲಿ ಸೀಟ್ ನಂಬರಿಗೆಂದು ಬಿಟ್ಟ ಜಾಗ ಖಾಲಿಯೇ ಇರುತ್ತದೆ. ಗೇಟ್‌ಕೀಪರ್ ಅರ್ಧ ಹರಿದುಕೊಂಡು ಒಳಗೆ ಬಿಟ್ಟ ಕೂಡಲೇ ಹುಡುಗರು ಓಡುತ್ತಾರೆ. ಫ್ಯಾನಿನ ಕೆಳಗಿನ ಸಾಲು, ಪರದೆಗೆ ನೇರವಾದ ಸಾಲು ಅವರದಾಗುತ್ತದೆ. ಒಬ್ಬ ಕೂತು ಇನ್ನೈದು ಸೀಟುಗಳ ಮೇಲೆ ಕರವಸ್ತ್ರ, ಹೆಲ್ಮೆಟ್ಟು, ಬಿಚ್ಚಿದ ಅಂಗಿ ಹಾಕುತ್ತಾನೆ. ಹಿಂದಿನಿಂದ ಮಗು ಎತ್ತಿಕೊಂಡು ಬಂದ ಹೆಣ್ಣುಮಗಳಿಗೆ ಸಿಗುವ ಉತ್ತರ: ‘ಅಕ್ಕಾ, ಇವು ಹಿಡಿದಾವ್ರಿ, ಮುಂದ ನೋಡ್ರಿ’. ಜಾತ್ರೆಯ ಬಸ್ಸಿಗೆ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ನ್ಯಾಯವೇ ಇದು. ಬಸ್ಸಿನಲ್ಲಾದರೆ ಎದ್ದು ಜಾಗ ಕೊಡುವವರು ಒಬ್ಬರಾದರೂ ಸಿಕ್ಕಾರು, ಟಾಕೀಸಿನ ಕತ್ತಲಲ್ಲಿ ಆ ದಾಕ್ಷಿಣ್ಯವೂ ಇಲ್ಲ.

ಇದನ್ನು ‘ಮೊದಲು ಬಂದವರಿಗೆ ಮೊದಲು’ ಎಂಬ ಸಮಾನತೆ ಎಂದು ಸಮರ್ಥಿಸುವವರಿದ್ದಾರೆ. ಅದು ಅರ್ಧ ಸುಳ್ಳು. ನಂಬರ್ ಇಲ್ಲದ ಚಿತ್ರಮಂದಿರದಲ್ಲೂ ಸೀಟುಗಳು ಮೀಸಲಾಗಿಯೇ ಇರುತ್ತವೆ. ಆ ಮೀಸಲು ಎಲ್ಲೂ ಬರೆದಿಲ್ಲ, ಅಷ್ಟೇ. ಬಾಲ್ಕನಿಯ ಹಿಂದಿನ ಸಾಲು ಊರಿನ ದೊಡ್ಡವರಿಗೆ, ಪಾಸು ಹಿಡಿದು ಬರುವವರಿಗೆ, ಮ್ಯಾನೇಜರನ ಪರಿಚಯದವರಿಗೆ ಎಂಬುದು ಹೇಳದೆಯೂ ಎಲ್ಲರಿಗೂ ಗೊತ್ತಿರುವ ಮಾತು. ಉಳಿದ ಒಳ್ಳೆಯ ಸೀಟು ಓಡಬಲ್ಲ ಕಾಲಿಗೆ, ನೂಕಬಲ್ಲ ತೋಳಿಗೆ. ಎಲ್ಲಿ ಮೀಸಲನ್ನು ಬರೆದಿಡುವುದಿಲ್ಲವೋ ಅಲ್ಲಿ ಬಲಶಾಲಿಗಳು ತಮ್ಮ ಪಾಲನ್ನು ತಾವೇ ಮೀಸಲಿಟ್ಟುಕೊಳ್ಳುತ್ತಾರೆ.

ಈ ಸತ್ಯ ಈ ಐದು ತಾಲ್ಲೂಕುಗಳಿಗೆ ಹೊಸದಲ್ಲ. ಹಡಗಲಿ ಮತ್ತು ಹಗರಿಬೊಮ್ಮನಹಳ್ಳಿ ವಿಧಾನಸಭಾ ಕ್ಷೇತ್ರಗಳು ಪರಿಶಿಷ್ಟ ಜಾತಿಗೆ, ಕೂಡ್ಲಿಗಿ ಪರಿಶಿಷ್ಟ ಪಂಗಡಕ್ಕೆ ಮೀಸಲು. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿದ ಕಾರಣಕ್ಕೆ ಕಲ್ಯಾಣ ಕರ್ನಾಟಕಕ್ಕಿರುವ ಸಂವಿಧಾನದ 371(ಜೆ) ವಿಶೇಷ ಸ್ಥಾನಮಾನದಿಂದ ಹೊರಗುಳಿದಿದ್ದ ಹರಪನಹಳ್ಳಿ, ಅದಕ್ಕಾಗಿ ಹೋರಾಡಿ ಬಳ್ಳಾರಿಗೆ ಮರಳಿತು. 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ನಿಯಮದಲ್ಲಿ ಬರೆಯದ ಜಾಗ ತಾನಾಗಿ ಸಿಗುವುದಿಲ್ಲ ಎಂಬುದನ್ನು ಇಲ್ಲಿನ ಜನ ಅನುಭವದಿಂದಲೇ ಕಲಿತಿದ್ದಾರೆ.

ಚಿತ್ರಮಂದಿರದ ಚರಿತ್ರೆಯೂ ಹೇಳುವುದು ಇದನ್ನೇ. ಸಿನಿಮಾಕ್ಕೆ ಮುಂಚೆ ಇಲ್ಲಿನ ಜಾತ್ರೆಗಳಲ್ಲಿ ಡೇರೆ ಹಾಕುತ್ತಿದ್ದವು ನಾಟಕ ಕಂಪನಿಗಳು. ನೆಲ, ಬೆಂಚು, ಕುರ್ಚಿ ಎಂದು ಮೂರು ದರ. ಹೆಂಗಸರಿಗೆ ಪ್ರತ್ಯೇಕ ಸ್ಥಳವುಂಟು ಎಂಬ ಸಾಲು ಕರಪತ್ರದಲ್ಲಿ ಇರಲೇಬೇಕು. ಆ ಒಂದು ಸಾಲಿಲ್ಲದಿದ್ದರೆ ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳು ಬರುವುದಿಲ್ಲ ಎಂಬುದು ಕಂಪನಿ ಮಾಲೀಕನ ವ್ಯಾಪಾರದ ಲೆಕ್ಕ. ಟೂರಿಂಗ್ ಟಾಕೀಸುಗಳು ಆ ಪದ್ಧತಿಯನ್ನೇ ಮುಂದುವರಿಸಿದವು: ಮುಂದೆ ಮರಳಿನ ನೆಲ, ಅದಕ್ಕೆ ಗಾಂಧಿ ಕ್ಲಾಸ್ ಎಂಬ ಹೆಸರು, ಒಂದು ಪಕ್ಕ ಹೆಂಗಸರು, ಇನ್ನೊಂದು ಪಕ್ಕ ಗಂಡಸರು, ಹಿಂದೆ ಕುರ್ಚಿ. ಕಟ್ಟಡದ ಟಾಕೀಸು ಬಂದಾಗ ಹೆಂಗಸರಿಗೆ ಬೇರೆ ಕಿಂಡಿ ಉಳಿಯಿತು. ಅಲ್ಲಿ ಸಾಲು ಬೇಗ ಸರಿಯುತ್ತದೆಂದು ಗಂಡಸರು ಅಕ್ಕ-ತಂಗಿಯರ ಕೈಗೆ ದುಡ್ಡು ಕೊಟ್ಟು ಟಿಕೆಟ್ ತರಿಸಿದ್ದು ಎಷ್ಟೋ ಮನೆಗಳ ನೆನಪು. ಕ್ರಮೇಣ ಹೆಂಗಸರ ಕ್ಲಾಸ್ ಮಾಯವಾಯಿತು. ಗಂಡ, ಹೆಂಡತಿ, ಮಕ್ಕಳು ಒಟ್ಟಿಗೆ ಕೂರುವಂತಾದದ್ದು ಒಳ್ಳೆಯದೇ. ಆದರೆ ಆ ಕ್ಲಾಸ್ ಹೆಣ್ಣುಮಗಳಿಗೆ ಕೊಟ್ಟಿದ್ದ ಭರವಸೆಗೆ ಬದಲಾಗಿ ಇನ್ನೊಂದು ವ್ಯವಸ್ಥೆ ಬರಬೇಕಿತ್ತು, ಬರಲಿಲ್ಲ.

ಜಾತಿಯ ವಿಷಯದಲ್ಲಿ ಟಾಕೀಸು ಮಾಡಿದ ಕೆಲಸ ಇನ್ನೂ ದೊಡ್ಡದು. ಸಾರ್ವಜನಿಕ ಮನರಂಜನೆಯ ಸ್ಥಳಗಳಿಗೆ ಜಾತಿಯ ಕಾರಣಕ್ಕೆ ಯಾರನ್ನೂ ತಡೆಯಬಾರದೆಂದು ಸಂವಿಧಾನದ 15(2)ನೇ ವಿಧಿ ಸ್ಪಷ್ಟವಾಗಿಯೇ ಹೇಳಿದೆ. ಅಸ್ಪೃಶ್ಯತೆಯ ವಿರುದ್ಧದ 1955ರ ಕಾಯ್ದೆ ಅಂಥ ತಡೆಯನ್ನು ಶಿಕ್ಷಾರ್ಹ ಅಪರಾಧವಾಗಿಸಿತು. ತಮಿಳರೆಲ್ಲ ಒಂದೇ ಸೂರಿನಡಿ ಕೂತ ಮೊದಲ ಪ್ರದರ್ಶನ ಸ್ಥಳ ಸಿನಿಮಾ ಮಂದಿರವೇ, ಅಲ್ಲಿ ಆಸನ ನಿರ್ಧರಿಸಿದ್ದು ಹುಟ್ಟಲ್ಲ, ಜೇಬು ಎಂದು ವಿದ್ವಾಂಸ ಕಾರ್ತಿಗೇಸು ಶಿವತ್ತಂಬಿ ಗುರುತಿಸಿದ್ದರು. 1953ರವರೆಗೆ ಮದ್ರಾಸ್ ಆಡಳಿತದಲ್ಲಿದ್ದ ಈ ಸೀಮೆಗೂ ಆ ಮಾತು ಒಪ್ಪುತ್ತದೆ. ಊರೊಳಗೆ ಕಟ್ಟೆಯ ಮೇಲೆ ಕೂರಲಾಗದವನು ಟಿಕೆಟ್ ಕೊಂಡು ಕುರ್ಚಿಯ ಮೇಲೆ ಕೂತ. ಆದರೆ ಟಿಕೆಟ್‌ನ ದರ್ಜೆ ಬರೆದದ್ದಿತ್ತು, ದರ್ಜೆಯೊಳಗಿನ ಸೀಟು ಬರೆದಿರಲಿಲ್ಲ. ಹಾಗಾಗಿ ಒಂದೇ ದರ ಕೊಟ್ಟವರ ನಡುವೆಯೂ ಕೈಮೇಲಾದದ್ದು ದರ್ಪವುಳ್ಳವರದೇ. ಸೀಟಿಗೊಂದು ನಂಬರ್ ಹಾಕುವುದೆಂದರೆ ಟಾಕೀಸು ಅರ್ಧಕ್ಕೆ ನಿಲ್ಲಿಸಿದ ಸಮಾನತೆಯ ಕೆಲಸವನ್ನು ಪೂರ್ತಿ ಮಾಡುವುದು.

ಇದಕ್ಕೆ ಮಾಲೀಕರ ಆಕ್ಷೇಪ ನ್ಯಾಯವಾದದ್ದೇ: ‘ಜನವೇ ಬರುವುದಿಲ್ಲ, ಖಾಲಿ ಹಾಲಿನಲ್ಲಿ ನಂಬರ್ ಯಾಕೆ?’ ವರ್ಷದ ಬಹುಪಾಲು ದಿನ ಇದು ನಿಜ. ಆದರೆ ತಾಲ್ಲೂಕು ಟಾಕೀಸಿನ ಬದುಕು ನಿಂತಿರುವುದು ತುಂಬಿದ ಕೆಲವೇ ದಿನಗಳ ಮೇಲೆ. ಆ ದಿನ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೂಲೆಯಲ್ಲಿ ಕೂತು, ಗಂಡನನ್ನು ನಾಲ್ಕು ಸಾಲು ಆಚೆ ಬಿಟ್ಟು ಸಿನಿಮಾ ನೋಡಿದ ಹೆಣ್ಣುಮಗಳು ಮುಂದಿನ ಚಿತ್ರಕ್ಕೆ ಬರುವುದಿಲ್ಲ, ಮೊಬೈಲಿಗೋ ಟಿ.ವಿಗೋ ಬರುವವರೆಗೆ ಕಾಯುತ್ತಾಳೆ. ಖಾಲಿ ದಿನಗಳ ಬೀಜ ಬಿತ್ತುವುದು ತುಂಬಿದ ದಿನಗಳೇ. 2022ರಲ್ಲಿ ‘ಕಾಂತಾರ’ ಬಂದಾಗ ವರ್ಷಗಟ್ಟಲೆ ಚಿತ್ರಮಂದಿರದತ್ತ ತಲೆ ಹಾಕದ ಹಿರಿಯರು, ಹೆಂಗಸರು ಸಣ್ಣ ಊರುಗಳಲ್ಲೂ ಸಾಲು ನಿಂತರು. ಅವರನ್ನು ಹಿಡಿದಿಟ್ಟುಕೊಳ್ಳುವ ಅವಕಾಶ ಎಲ್ಲ ಟಾಕೀಸುಗಳಿಗೂ ಇತ್ತು.

2023ರ ಜೂನ್ 11ರಿಂದ ‘ಶಕ್ತಿ’ ಯೋಜನೆಯಡಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾದ ಮೇಲೆ ಹಳ್ಳಿಯಿಂದ ತಾಲ್ಲೂಕು ಕೇಂದ್ರಕ್ಕೆ ಬರುವುದು ಅವರಿಗೆ ಖರ್ಚಿನ ಮಾತಾಗಿ ಉಳಿದಿಲ್ಲ. ಸಂತೆ, ಆಸ್ಪತ್ರೆ, ದೇವಸ್ಥಾನಕ್ಕೆ ಬಂದವರು ಮ್ಯಾಟ್ನಿಗೂ ಹೋಗಬಹುದು. ಆದರೆ ಸಂಜೆಯ ಕೊನೆಯ ಬಸ್ಸು ಹಿಡಿಯಬೇಕಾದ ಹೆಂಗಸಿಗೆ ಸೀಟು ಸಿಗುತ್ತದೋ ಇಲ್ಲವೋ ಎಂಬ ಜೂಜಾಟಕ್ಕೆ ಒಂದು ಗಂಟೆ ಮೊದಲೇ ಬಂದು ಬಿಸಿಲಿನಲ್ಲಿ ನಿಲ್ಲಲು ಆಗುವುದಿಲ್ಲ. ನಿಶ್ಚಿತ ಸೀಟು ಅವಳಿಗೆ ಸಮಯದ ಉಳಿತಾಯ, ಮರ್ಯಾದೆಯ ಖಾತರಿ ಎರಡೂ. ದುಡ್ಡಿರುವ ಮನೆಯವರು ಈಗಲೂ ಇದಕ್ಕೆ ದಾರಿ ಕಂಡುಕೊಂಡಿದ್ದಾರೆ: ಹರಪನಹಳ್ಳಿಯವರು ಕಾರು ಹತ್ತಿ ದಾವಣಗೆರೆಗೆ, ಕೂಡ್ಲಿಗಿಯವರು ಹೊಸಪೇಟೆಗೆ ಹೋಗುತ್ತಾರೆ. ಸಿನಿಮಾಕ್ಕಿಂತ ಹೆಚ್ಚಾಗಿ ಅವರು ಕೊಂಡುಕೊಳ್ಳುವುದು ತಮ್ಮದೇ ಎನ್ನಬಹುದಾದ ನಾಲ್ಕು ಕುರ್ಚಿಗಳನ್ನು.

ಹಾಗೆಂದು ಎಲ್ಲವನ್ನೂ ಆ್ಯಪ್‌ಗೆ ಒಪ್ಪಿಸಿದರೆ ಒಂದು ಅನ್ಯಾಯ ಹೋಗಿ ಇನ್ನೊಂದು ಬರುತ್ತದೆ. ಬುಕ್‌ಮೈಶೋನಂಥ ಆ್ಯಪ್‌ಗಳು ಸೀಟಿನ ನಕ್ಷೆಯನ್ನು ಬೆರಳ ತುದಿಗೆ ತಂದವು ನಿಜ. ಆದರೆ ಅಲ್ಲಿ ನೂಕುನುಗ್ಗಲು ಗೇಟಿನಿಂದ ಮೊಬೈಲಿಗೆ ಬದಲಾಗಿದೆಯಷ್ಟೇ. ಓಡುವ ಕಾಲಿನ ಜಾಗದಲ್ಲಿ ಓಡುವ ಇಂಟರ್ನೆಟ್. ಬುಕಿಂಗ್ ತೆರೆದ ಕೆಲವೇ ನಿಮಿಷಗಳಲ್ಲಿ ಅಭಿಮಾನಿ ಬಳಗದವರು ಸಾಲುಸಾಲೇ ಹಿಡಿದರೆ, ಹಳ್ಳಿಯಿಂದ ಬಂದವನಿಗೆ ಕಿಂಡಿಯಲ್ಲಿ ಸಿಗುವುದು ‘ಹೌಸ್‌ಫುಲ್’ ಬೋರ್ಡು. ಮೇಲಾಗಿ ಪ್ರತಿ ಟಿಕೆಟ್‌ಗೂ ಸೇವಾ ಶುಲ್ಕ. ಕಡಿಮೆ ದರದ ಟಿಕೆಟ್‌ಗೆ ಆ ಹೊರೆ ಎದ್ದು ಕಾಣುತ್ತದೆ.

ಸರ್ಕಾರವೇ ಟಿಕೆಟ್ ಮಾರಲು ಹೊರಟರೆ ಏನಾಗುತ್ತದೆ ಎಂಬುದಕ್ಕೆ ನೆರೆಯ ಆಂಧ್ರಪ್ರದೇಶವಿದೆ. ಅಲ್ಲಿ 2021ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು ಎಲ್ಲ ಚಿತ್ರಮಂದಿರಗಳ ಟಿಕೆಟ್‌ಗಳನ್ನು ಸರ್ಕಾರಿ ಪೋರ್ಟಲ್ ಮೂಲಕವೇ ಮಾರುವ ವ್ಯವಸ್ಥೆಗೆ ಕೈಹಾಕಲಾಯಿತು. ಅದೇ ಹೊತ್ತಿಗೆ ಹಳ್ಳಿಯ ಟಿಕೆಟ್ ದರವನ್ನು ₹5ರ ಮಟ್ಟಕ್ಕೆ ಇಳಿಸಿದ ಆದೇಶವೂ ಹೊರಟಿತ್ತು. ಮಾಲೀಕರು ತಿರುಗಿಬಿದ್ದರು, ಪೋರ್ಟಲ್ ವ್ಯವಸ್ಥೆಗೆ 2022ರ ಜುಲೈನಲ್ಲಿ ಹೈಕೋರ್ಟ್ ತಡೆ ಕೊಟ್ಟಿತು. ಗಲ್ಲಾಪೆಟ್ಟಿಗೆಗೆ ಕೈಹಾಕಿದರೆ ಸುಧಾರಣೆ ಮುಂದೆ ಸಾಗದು ಎಂಬುದು ಅದರ ಪಾಠ.

ಇಲ್ಲಿ ಬೇಕಿರುವುದು ಅಷ್ಟು ದೊಡ್ಡ ಯಂತ್ರಾಂಗವಲ್ಲ. ಕುರ್ಚಿಯ ಬೆನ್ನಿಗೆ ಬಣ್ಣದಲ್ಲಿ ಬರೆದ ಸಂಖ್ಯೆ, ಕಿಂಡಿಯ ಬಳಿ ಸೀಟುಗಳ ಚಾರ್ಟು, ಮಾರಿದ ಸೀಟಿಗೆ ಗೀಟು ಹಾಕಲು ಒಂದು ಪೆನ್ಸಿಲ್ಲು, ಒಳಗೆ ದಾರಿ ತೋರಿಸಲು ಟಾರ್ಚ್ ಹಿಡಿದ ಒಬ್ಬ ಹುಡುಗ. ಕಂಪ್ಯೂಟರ್ ಬರುವ ಮುಂಚೆ ದೊಡ್ಡ ಊರುಗಳ ಚಿತ್ರಮಂದಿರಗಳು ಮುಂಗಡ ಬುಕಿಂಗ್ ನಡೆಸಿದ್ದು ಇಂಥ ಚಾರ್ಟಿನ ಮೇಲೆಯೇ. ಖರ್ಚಿನ ಮಾತಿಗೂ ಉತ್ತರವಿದೆ. 2025ರ ಸೆಪ್ಟೆಂಬರ್ 22ರಿಂದ ₹100ರವರೆಗಿನ ಟಿಕೆಟ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ₹200ರ ಮಿತಿಗಿಂತ ತಾಲ್ಲೂಕು ಟಾಕೀಸಿಗೆ ನೇರವಾಗಿ ತಟ್ಟುವ ನಿರ್ಧಾರ ಇದು. ಆ ಉಳಿತಾಯದಲ್ಲಿ ಒಂದು ಪಾಲು ಪ್ರೇಕ್ಷಕನ ಸೀಟಿಗೆ ಮರಳಲಿ.

ಸೀಟಿನ ಹಂಚಿಕೆಗೂ ಐದು ಸರಳ ನಿಯಮ ಸಾಕು. ಬಾಲ್ಕನಿ ಮತ್ತು ಮಧ್ಯದ ದರ್ಜೆಗೆ ನಂಬರ್ ಕಡ್ಡಾಯ. ಆನ್‌ಲೈನ್‌ನಲ್ಲಿ ಮಾರುವ ಕಡೆ ಅರ್ಧದಷ್ಟು ಸೀಟು ಕಿಂಡಿಗೇ ಉಳಿಯಬೇಕು. ಒಂದು ಕೈಗೆ ಇಷ್ಟೇ ಟಿಕೆಟ್ ಎಂಬ ಮಿತಿ ಎರಡೂ ಕಡೆ ಇರಬೇಕು. ನಡುದಾರಿಯ ಪಕ್ಕದ ಕೆಲವು ಸೀಟುಗಳನ್ನು ಆಟ ಶುರುವಾಗುವ ಕಾಲು ಗಂಟೆ ಮುಂಚಿನವರೆಗೆ ಹಿರಿಯರು, ಬಸುರಿ-ಬಾಣಂತಿಯರು, ಅಂಗವಿಕಲರಿಗೆ ಕಾಯ್ದಿರಿಸಬೇಕು. ಸದ್ಯ ಮೆಟ್ಟಿಲು ಹತ್ತಲಾಗದವರಿಗೆ ಬಾಲ್ಕನಿಯ ಬಾಗಿಲು ಮುಚ್ಚಿದಂತೆಯೇ; ದುಡ್ಡಿದ್ದರೂ ಅವರು ಪರದೆಯ ಬುಡದಲ್ಲಿ ಕತ್ತೆತ್ತಿ ಕೂರಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಆಶಯಕ್ಕೆ ಇದು ವಿರುದ್ಧ. ಕೊನೆಯದಾಗಿ, ಮುಂದಿನ ಗಾಂಧಿ ಕ್ಲಾಸನ್ನು ಹಾಗೆಯೇ ಬಿಡಬೇಕು. ಶಿಳ್ಳೆ ಹೊಡೆದು, ಕಾಗದ ತೂರಿ, ಪರದೆಯ ಮುಂದೆ ಕುಣಿಯುವ ಹುಡುಗರಿಗೆ ನಂಬರಿನ ಕುರ್ಚಿ ಬೇಕಿಲ್ಲ. ಅವರ ಹಬ್ಬವನ್ನು ಕಸಿದುಕೊಂಡು ಟಾಕೀಸನ್ನು ಸಭಾಂಗಣ ಮಾಡುವ ಅಗತ್ಯವೂ ಇಲ್ಲ.

ಸೀಟು ಕಾಯ್ದಿರಿಸುವುದು ನಮ್ಮ ಚಿತ್ರಮಂದಿರಗಳಿಗೆ ಬಾರದ ವಿದ್ಯೆಯೇನಲ್ಲ. ಪುನೀತ್ ರಾಜ್‌ಕುಮಾರ್ ತೀರಿಕೊಂಡ ನಂತರ ಅವರ ಚಿತ್ರ ಬಂದಾಗ ರಾಜ್ಯದ ಕೆಲವೆಡೆ ಅಪ್ಪು ಹೆಸರಿನಲ್ಲಿ ಒಂದು ಸೀಟನ್ನು ಖಾಲಿ ಬಿಟ್ಟರು; ಆ ಕುರ್ಚಿಯ ಮೇಲೆ ಯಾರೂ ಕರವಸ್ತ್ರ ಹಾಕಲಿಲ್ಲ. 2023ರ ಜೂನ್‌ನಲ್ಲಿ ‘ಆದಿಪುರುಷ್’ ತಂಡ ಪ್ರತಿ ಚಿತ್ರಮಂದಿರದಲ್ಲೂ ಹನುಮಂತನಿಗೆ ಒಂದು ಸೀಟು ಎಂದು ಘೋಷಿಸಿತು. ಬಾರದವರ ಸೀಟಿಗೆ ಇಷ್ಟು ಗೌರವ ಸಲ್ಲುವುದಾದರೆ, ದುಡ್ಡು ಕೊಟ್ಟು ಬರುವವರ ಸೀಟಿಗೂ ಸಲ್ಲಬಹುದು.

1964ರ ಕರ್ನಾಟಕ ಸಿನಿಮಾ ನಿಯಂತ್ರಣ ಕಾಯ್ದೆಯಡಿ ಚಿತ್ರಮಂದಿರಕ್ಕೆ ಪರವಾನಗಿ ಕೊಡುವ ಅಧಿಕಾರ ಜಿಲ್ಲಾ ಮ್ಯಾಜಿಸ್ಟ್ರೇಟರದು. ಹೊಸ ಕಾನೂನಿಗಾಗಿ ಬೆಂಗಳೂರಿನತ್ತ ನೋಡದೆ, ವಿಜಯನಗರ ಜಿಲ್ಲಾಡಳಿತ ಐದೂ ತಾಲ್ಲೂಕುಗಳ ಮಾಲೀಕರನ್ನು ಕೂರಿಸಿಕೊಂಡು ಮಾತಾಡಿ, ಒಪ್ಪಿದ ಒಂದೆರಡು ಕಡೆ ಮುಂದಿನ ದೊಡ್ಡ ಬಿಡುಗಡೆಗೇ ಇದನ್ನು ಪ್ರಯೋಗಿಸಬಹುದು. ಫಲ ತಿಳಿಯಲು ಸಮೀಕ್ಷೆ, ಸಮಿತಿ ಬೇಕಿಲ್ಲ. ಮೊದಲ ದಿನದ ಆಟಕ್ಕೆ ಎಷ್ಟು ಹೆಣ್ಣುಮಕ್ಕಳು ಬಂದರು, ಮೂರನೇ ವಾರ ಅವರಲ್ಲಿ ಎಷ್ಟು ಮಂದಿ ಇನ್ನೊಂದು ಚಿತ್ರಕ್ಕೆ ಮರಳಿದರು ಎಂಬುದನ್ನು ಗೇಟ್‌ಕೀಪರನೇ ಹೇಳಬಲ್ಲ. ಆ ಸಂಖ್ಯೆ ಏರಿದರೆ ಮಾಲೀಕರು ಯಾರ ಆದೇಶಕ್ಕೂ ಕಾಯದೆ ಉಳಿದ ಕುರ್ಚಿಗಳಿಗೂ ಬಣ್ಣ ಹಚ್ಚಿಸುತ್ತಾರೆ.