ಇಮ್ಯುನಿಟಿ ಏನು ಓವರ್‌ಹೆಡ್ ಟ್ಯಾಂಕಾ?

ಇಲ್ಲಿ ಏನಾದರೂ ಬರೆದು ಬಹಳ ದಿನ ಆಯ್ತು. ನನಗೆ ಬರೆಯೋಕೆ ಸಿಟ್ಟು ಬರಬೇಕು, ಅದು ಮೊನ್ನೆ ಬಂತು.

ಮನೆ ಹತ್ತಿರದ ಮೆಡಿಕಲ್ ಶಾಪಿನಲ್ಲಿ ಅಮ್ಮನ ಮಾತ್ರೆಗೆ ನಿಂತಿದ್ದೆ. ಕೌಂಟರಿನ ಮೇಲೆ ಸಾಲಾಗಿ ಡಬ್ಬಗಳು. ಯಾವ ಕಾಯಿಲೆಗೆ ಅಂತ ಒಂದರ ಮೇಲೂ ಇಲ್ಲ, ಎಲ್ಲದರ ಮೇಲೂ ಒಂದೇ ಮಾತು: ಇಮ್ಯುನಿಟಿ ಬೂಸ್ಟರ್. ಅಂಗಡಿಯ ಹುಡುಗ ಅಮ್ಮನ ಮಾತ್ರೆ ಕೊಡುತ್ತಾ, "ಸಾರ್, ಇದ್ರ ಜೊತೆ ಇದೊಂದು ತಗೊಂಡೋಗಿ, ಒಳ್ಳೇ ಇಮ್ಯುನಿಟಿ ಬರುತ್ತೆ" ಅಂದ. ಅವನ ಒಂದು ಕೈಯಲ್ಲಿ ಇಮ್ಯುನಿಟಿಯನ್ನು ತಗ್ಗಿಸೋ ಮಾತ್ರೆ, ಇನ್ನೊಂದು ಕೈಯಲ್ಲಿ ಏರಿಸುತ್ತೇನೆ ಅನ್ನೋ ಡಬ್ಬ! ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಅಮ್ಮನಿಗೆ ರೂಮಟಾಯ್ಡ್ ಆರ್ಥ್ರೈಟಿಸ್. ವಯಸ್ಸಾದಂತೆ ಮಂಡಿ ಸವೆಯುತ್ತಲ್ಲ, ಅದಲ್ಲ. ಇದರಲ್ಲಿ ಅಮ್ಮನ ರೋಗನಿರೋಧಕ ವ್ಯವಸ್ಥೆಯೇ ಅವಳ ಕೀಲುಗಳ ಒಳಪೊರೆಯನ್ನು ಶತ್ರು ಅಂದುಕೊಂಡು ಮೇಲೆ ಬೀಳುತ್ತದೆ. ಹೊರಗಿನಿಂದ ಯಾವ ಕ್ರಿಮಿಯೂ ಬಂದಿರುವುದಿಲ್ಲ. ಬೆಳಿಗ್ಗೆ ಎದ್ದಾಗ ಬೆರಳು ಮಡಚಲು ಬಾರದಷ್ಟು ಬಿಗಿತ, ಮಣಿಕಟ್ಟಿನಲ್ಲಿ ಊತ, ಮೈಬಿಸಿ. ಅದಕ್ಕೆ ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಮಾತ್ರೆ (ದಿನಾ ಅಲ್ಲ, ವಾರಕ್ಕೊಮ್ಮೆ. ಇದನ್ನು ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ), ಜೊತೆಗೆ ಫೋಲಿಕ್ ಆಸಿಡ್. ಆಗಾಗ ರಕ್ತ ಪರೀಕ್ಷೆ, ಲಿವರ್ ಪರೀಕ್ಷೆ. ಹೀಗೆ ವರ್ಷಗಟ್ಟಲೆ ಚೆನ್ನಾಗಿಯೇ ಇದ್ದಳು.

2020ರ ಲಾಕ್‌ಡೌನ್‌ನಲ್ಲಿ ನಾನು ಬೆಂಗಳೂರಿನಲ್ಲಿ, ಅಪ್ಪ ಅಮ್ಮ ಸಾಗರದಲ್ಲಿ. ಜೂನ್ ತಿಂಗಳಲ್ಲಿ ಒಂದು ದಿನ ಫೋನಿನಲ್ಲಿ ಅಪ್ಪ, "ನಿನ್ನಮ್ಮಂಗೆ ಲೋಟ ಹಿಡ್ಯಕ್ಕೂ ಆಗ್ತಿಲ್ಲ ಮಾರಾಯ" ಅಂದರು. ಅಮ್ಮನನ್ನು ಕೇಳಿದೆ, "ಮಾತ್ರೆ ತಗೊಳ್ತಾ ಇದ್ದೀಯ ತಾನೇ?" ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಅದು ಶಕ್ತಿ ತಗ್ಗಿಸೋ ಮಾತ್ರೆಯಂತೆ ಕಣೋ. ಈ ಕಾಯಿಲೆ ಬಂದಿರೋವಾಗ ತಗೊಂಡ್ರೆ ಉಳಿಯಲ್ಲ ಅಂತ ನಿನ್ನ ಚಿಕ್ಕಪ್ಪ ಕಳಿಸಿದ್ದ." ಏಪ್ರಿಲ್‌ನಿಂದಲೇ ನಿಲ್ಲಿಸಿದ್ದಳು. ಬದಲಿಗೆ ದಿನಕ್ಕೆರಡು ಲೋಟ ಕಷಾಯ.

ಚಿಕ್ಕಪ್ಪ ಕೆಟ್ಟವರಲ್ಲ, ನಮ್ಮಮ್ಮನ ಮೇಲೆ ಅವರಿಗೆ ಪ್ರಾಣ. ಅವರಿಗೆ ಬಂದದ್ದನ್ನು ಅವರು ಮುಂದೆ ಕಳಿಸಿದರು, ಅಷ್ಟೇ. ಅದೇ ಏಪ್ರಿಲ್‌ನಲ್ಲಿ ಅಮೆರಿಕದ ರೂಮಟಾಲಜಿ ತಜ್ಞರ ಸಂಘ, ಸೋಂಕು ತಗುಲದೇ ಇರುವವರು ಈ ಔಷಧಿ ಮುಂದುವರಿಸಬಹುದು ಎಂದು ಸೂಚನೆ ಕೊಟ್ಟಿತ್ತು. ಅದು ಸಾಗರದ ಯಾವ ಫೋನಿಗೂ ಫಾರ್ವರ್ಡ್ ಆಗಿ ಬರಲಿಲ್ಲ, ಕಷಾಯ ಮಾತ್ರ ಬಂತು. ಆ ದಿನಗಳಲ್ಲಿ ನಮ್ಮ ಬ್ಲಾಗಿಗರೂ ಹಿಂದೆ ಬಿದ್ದಿರಲಿಲ್ಲ ಬಿಡಿ. "ರೋಗನಿರೋಧಕ ಶಕ್ತಿ ಹೆಚ್ಚಿಸಿಕೊಳ್ಳಿ" ಅಂತ ಎಷ್ಟು ಪೋಸ್ಟು, ಎಷ್ಟು ರೆಸಿಪಿ!

ನನ್ನ ಜಗಳ ಕಷಾಯದ ಜೊತೆ ಅಲ್ಲ. ಮೆಣಸು, ಶುಂಠಿ, ಜೀರಿಗೆ ಹಾಕಿದ ಬಿಸಿ ಕಷಾಯ ಗಂಟಲಿಗೆ ಹಿತ, ನಾನೂ ಕುಡಿಯುತ್ತೇನೆ. ಜಗಳ ಇರೋದು "ಹೆಚ್ಚಿಸಿಕೊಳ್ಳಿ" ಅನ್ನೋ ಪದದ ಜೊತೆ. ರೋಗನಿರೋಧಕ ಶಕ್ತಿ ಅಂದರೆ ತಾರಸಿ ಮೇಲಿನ ಟ್ಯಾಂಕಾ, ಮೋಟಾರು ಹಾಕಿ ತುಂಬಿಸೋಕೆ? ಎಷ್ಟಕ್ಕೆ ತುಂಬಿತು ಅಂತ ಯಾರು ನೋಡುವವರು? ತುಂಬಿ ಹರಿದರೆ ಏನಾಗುತ್ತೆ ಅಂತ ಒಬ್ಬರಾದರೂ ಕೇಳಿದ್ದಾರಾ?

ತುಂಬಿ ಹರಿದರೆ ಏನಾಗುತ್ತೆ ಅನ್ನೋದು 2006ರ ಮಾರ್ಚ್ 13ರಂದು ಲಂಡನ್ನಿನಲ್ಲಿ ಗೊತ್ತಾಯಿತು. ಟಿಜಿಎನ್1412 ಅನ್ನೋ ಹೊಸ ಔಷಧಿಯನ್ನು ಮೊದಲ ಸಲ ಮನುಷ್ಯರಿಗೆ ಕೊಟ್ಟರು. ಆರು ಜನ ಆರೋಗ್ಯವಂತ ಯುವಕರು. ಕೋತಿಗಳಿಗೆ ಏನೂ ಆಗದಿದ್ದ ಪ್ರಮಾಣದ ಐನೂರರಲ್ಲಿ ಒಂದು ಪಾಲು ಮಾತ್ರ ಕೊಟ್ಟಿದ್ದು. ಅದು ಟಿ ಕೋಶಗಳೆಂಬ ಬಿಳಿ ರಕ್ತಕಣಗಳನ್ನು ನೇರವಾಗಿ ಪ್ರಚೋದಿಸುವ ಔಷಧಿ, ನಿಜವಾದ ಅರ್ಥದಲ್ಲಿ ಬೂಸ್ಟರ್! ಸುಮಾರು ಒಂದೂವರೆ ಗಂಟೆಯೊಳಗೆ ತಲೆನೋವು, ಮೈಕೈ ನೋವು, ಜ್ವರ ಶುರುವಾಯಿತು. ಆಮೇಲೆ ಒಂದೊಂದೇ ಅಂಗ ಕೈಕೊಟ್ಟು ಆರೂ ಜನ ತೀವ್ರ ನಿಗಾ ಘಟಕಕ್ಕೆ. ಜೀವ ಎಲ್ಲರದ್ದೂ ಉಳಿಯಿತು, ಆದರೆ ಒಬ್ಬ ಕಾಲ್ಬೆರಳುಗಳನ್ನೂ ಕೈಬೆರಳುಗಳ ತುದಿಗಳನ್ನೂ ಕಳೆದುಕೊಂಡ. ಅವರ ಮೈಯಲ್ಲಿ ಒಂದು ವೈರಸ್ ಇರಲಿಲ್ಲ, ಒಂದು ಬ್ಯಾಕ್ಟೀರಿಯಾ ಇರಲಿಲ್ಲ. ಇದ್ದದ್ದು ಸೈಟೊಕೈನ್‌ಗಳ ಬಿರುಗಾಳಿ. ಸೈಟೊಕೈನ್ ಅಂದರೆ ರಕ್ಷಣಾ ಕಣಗಳು ಒಂದನ್ನೊಂದು ಕೂಗಿ ಕರೆಯೋ ರಾಸಾಯನಿಕ ಸಂದೇಶ. ಎಲ್ಲವೂ ಒಟ್ಟಿಗೆ ಕೂಗಿಕೊಂಡರೆ ಊರಿಗೇ ಬೆಂಕಿ. ವಿಚಿತ್ರ ಅಂದರೆ, ಆ ಔಷಧಿಯನ್ನು ತಯಾರಿಸುತ್ತಿದ್ದದ್ದು ಒಂದು ಬಗೆಯ ರಕ್ತದ ಕ್ಯಾನ್ಸರಿಗೆ ಮತ್ತು ನಮ್ಮಮ್ಮನಿಗಿರುವ ಇದೇ ಆರ್ಥ್ರೈಟಿಸ್‌ಗೆ. ಹದ್ದಿನಲ್ಲಿಡುವ ಕಣಗಳು ಹೆಚ್ಚುತ್ತವೆ ಅಂದುಕೊಂಡಿದ್ದರು, ಹೊಡೆಯುವ ಕಣಗಳೂ ಎದ್ದು ಕುಳಿತವು.

ಹೌದು, ಹದ್ದಿನಲ್ಲಿಡುವ ಕಣಗಳು ಅಂತಲೇ ಇವೆ. ಶಾಲೆಯ ಪುಸ್ತಕದಲ್ಲಿ ನಾವು ಓದಿದ್ದು ಬರೀ ಸೈನಿಕರ ಕಥೆ: ಚರ್ಮ ಕೋಟೆಗೋಡೆ, ಬಿಳಿ ರಕ್ತಕಣ ಸಿಪಾಯಿ, ಪ್ರತಿಕಾಯ ಬಾಣ. ತಪ್ಪೇನಲ್ಲ, ಆದರೆ ಅದು ಅರ್ಧ ಕಥೆ. ಎದೆಮೂಳೆಯ ಹಿಂದೆ ಥೈಮಸ್ ಅಂತ ಒಂದು ಗ್ರಂಥಿ ಇದೆ. ಟಿ ಕೋಶಗಳ ಗುರುಕುಲ ಅದು. ಅಲ್ಲಿ ತಯಾರಾಗಲು ಬಂದ ಕೋಶಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಹೊರಗೆ ಬರುವುದೇ ಇಲ್ಲ, ಒಳಗೇ ಸಾಯುತ್ತವೆ. ಕೆಲವು ಕೆಲಸಕ್ಕೆ ಬಾರದವು. ಇನ್ನು ಕೆಲವು ನಮ್ಮದೇ ದೇಹದ ಭಾಗಗಳನ್ನು ಕಂಡರೆ ಬಲವಾಗಿ ಮೇಲೆ ಬೀಳುವಂಥವು. ಇಷ್ಟು ಜರಡಿ ಹಿಡಿದರೂ ಕೆಲವು ತಪ್ಪಿಸಿಕೊಂಡು ಬರುತ್ತವೆ. ಅವನ್ನು ತಡೆದು ನಿಲ್ಲಿಸಲು ಬೇರೊಂದು ಬಗೆಯ ಟಿ ಕೋಶಗಳಿವೆ ಅಂತ ಜಪಾನಿನ ಶಿಮೋನ್ ಸಾಕಾಗುಚಿ 1995ರಲ್ಲಿ ತೋರಿಸಿದರು. ಆ ಕಾಲಕ್ಕೆ ಇದನ್ನು ನಂಬಿದವರು ಕಡಿಮೆ. 2001ರಲ್ಲಿ ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ ಎಂಬಿಬ್ಬರು ಫಾಕ್ಸ್‌ಪಿ3 ಎಂಬ ಜೀನ್ ಪತ್ತೆ ಮಾಡಿದರು. ಈ ತಡೆಯುವ ಕಣಗಳು ರೂಪುಗೊಳ್ಳುವುದೇ ಆ ಜೀನ್‌ನಿಂದ ಅಂತ ಆಮೇಲೆ ಗೊತ್ತಾಯಿತು. ಅದು ಕೆಟ್ಟು ಹುಟ್ಟಿದ ಗಂಡುಮಕ್ಕಳಿಗೆ ಹಸುಗೂಸಾಗಿದ್ದಾಗಲೇ ಸಕ್ಕರೆ ಕಾಯಿಲೆ, ನಿಲ್ಲದ ಭೇದಿ, ಮೈತುಂಬ ಇಸುಬು. ಸ್ವಂತ ರಕ್ಷಣಾ ಪಡೆಯೇ ಮಗುವನ್ನು ತಿನ್ನುತ್ತದೆ. ಈ ಮೂವರಿಗೂ 2025ರ ವೈದ್ಯಕೀಯ ನೊಬೆಲ್ ಬಂತು. ತಡೆಯುವುದು ಹೇಗೆ ಅನ್ನೋದನ್ನು ಕಂಡುಹಿಡಿದವರಿಗೆ ನೊಬೆಲ್, ನಮ್ಮಲ್ಲಿ ಮಾತ್ರ ಇನ್ನೂ ಬೂಸ್ಟ್ ಬೂಸ್ಟ್!

ದೂರ ಯಾಕೆ, ಕಾಂಗ್ರೆಸ್ ಗಿಡ ನೋಡಿಲ್ಲದವರು ಯಾರಿದ್ದೀರಿ? ಬೆಂಗಳೂರಿನ ಖಾಲಿ ಸೈಟುಗಳಲ್ಲಿ, ಹೊಲದ ಬದುಗಳಲ್ಲಿ ಬಿಳಿ ಹೂ ಬಿಟ್ಟುಕೊಂಡು ನಿಂತಿರುತ್ತಲ್ಲ, ಪಾರ್ಥೇನಿಯಂ. ಅದನ್ನು ಕಿತ್ತು ಕಿತ್ತು ಕೆಲವರಿಗೆ ಮುಖ, ಕುತ್ತಿಗೆ, ಮೊಣಕೈ ಮಡಿಕೆಯ ಚರ್ಮ ಕಪ್ಪಾಗಿ ದಪ್ಪಗಟ್ಟಿ ವರ್ಷಗಟ್ಟಲೆ ತುರಿಕೆ. ಆ ಗಿಡದ ರಸಕ್ಕಿಂತ ಹೆಚ್ಚು ಹಾನಿ ಮಾಡುವುದು ಅದರ ಪಾರ್ಥೆನಿನ್ ಎಂಬ ಅಂಶವನ್ನು ಕಂಡು ಕೆರಳುವ ಅವರದೇ ಟಿ ಕೋಶಗಳು. ತೀವ್ರವಾದವರಿಗೆ ಚರ್ಮರೋಗ ತಜ್ಞರು ಕೊಡುವುದು ಅಜಾಥಯೋಪ್ರಿನ್, ಅಂದರೆ ಇಮ್ಯುನಿಟಿ ತಗ್ಗಿಸೋ ಮಾತ್ರೆ. ಆ ರೈತನಿಗೆ ಹೋಗಿ "ಇಮ್ಯುನಿಟಿ ಹೆಚ್ಚಿಸ್ಕೊಳಪ್ಪ" ಅಂತ ಹೇಳ್ತೀರಾ?

ಕೋವಿಡ್ಡಿನಲ್ಲೂ ಇದೇ ಪಾಠ. ಆಕ್ಸಿಜನ್ ಬೇಕಾಗುವ ಹಂತಕ್ಕೆ ಹೋದ ಎಷ್ಟೋ ಜನರ ಶ್ವಾಸಕೋಶವನ್ನು ಹಾಳು ಮಾಡಿದ್ದು ವೈರಸ್ ಒಂದೇ ಅಲ್ಲ, ಮಿತಿಮೀರಿದ ಉರಿಯೂತ. 2020ರ ಜೂನ್‌ನಲ್ಲಿ ಬ್ರಿಟನ್ನಿನ ರಿಕವರಿ ಪ್ರಯೋಗ ಹೇಳಿದ್ದೇನು? ಡೆಕ್ಸಾಮೆಥಸೋನ್ ಎಂಬ ಅಗ್ಗದ ಸ್ಟೀರಾಯ್ಡ್ ಕೊಟ್ಟರೆ ವೆಂಟಿಲೇಟರ್ ಮೇಲಿದ್ದವರ ಸಾವು ಸುಮಾರು ಮೂರನೇ ಒಂದು ಭಾಗ ಕಡಿಮೆ ಆಗುತ್ತೆ ಅಂತ. ಆಕ್ಸಿಜನ್ನೇ ಬೇಡದವರಿಗೆ ಅದರಿಂದ ಲಾಭ ಇಲ್ಲ ಅಂತಲೂ ಹೇಳಿತ್ತು. ಈ ಎರಡನೇ ವಾಕ್ಯ ಕೆಲವರ ಕಿವಿಗೆ ಬೀಳಲಿಲ್ಲ. 2021ರಲ್ಲಿ ಬೇಕಿದ್ದವರಿಗೂ ಬೇಡದವರಿಗೂ ಸ್ಟೀರಾಯ್ಡ್ ಕೊಟ್ಟು, ಸಕ್ಕರೆ ಏರಿಸಿ, ಕಪ್ಪು ಶಿಲೀಂಧ್ರಕ್ಕೆ ದಾರಿ ಮಾಡಿಕೊಟ್ಟದ್ದನ್ನೂ ನೋಡಿದೆವು. ಹಾಗಾಗಿ ತಗ್ಗಿಸುವುದೇ ಸರಿ ಅಂತ ನಾನು ಹೇಳುತ್ತಿಲ್ಲ. ಯಾರಿಗೆ, ಯಾವಾಗ, ಎಷ್ಟು ಅನ್ನೋದೇ ಇಲ್ಲಿ ಇಡೀ ಪ್ರಶ್ನೆ. ಡಬ್ಬದ ಮೇಲೆ ಅದಕ್ಕೆ ಜಾಗ ಇಲ್ಲ.

"ಪ್ರಯೋಜನ ಇಲ್ಲದಿದ್ದರೂ ತೊಂದರೆಯಂತೂ ಇಲ್ಲವಲ್ಲ" ಅನ್ನೋದು ಕಮೆಂಟಿನಲ್ಲಿ ಬರಲಿರುವ ಮೊದಲ ಮಾತು, ಗೊತ್ತು :-) ಅದಕ್ಕೂ ಉತ್ತರ ಇದೆ. 2021ರಲ್ಲಿ ಮುಂಬೈನ ವೈದ್ಯರು ಆರು ಜನ ರೋಗಿಗಳ ವರದಿ ಪ್ರಕಟಿಸಿದರು. ಅಮೃತಬಳ್ಳಿಯನ್ನು ಬೂಸ್ಟರ್ ಅಂತ ತೆಗೆದುಕೊಂಡು ಕಾಮಾಲೆಯಾಗಿ ಬಂದವರು. ಲಿವರಿನ ತುಣುಕು ಪರೀಕ್ಷಿಸಿದಾಗ ಕಂಡದ್ದು ಇಮ್ಯುನಿಟಿಯೇ ಲಿವರನ್ನು ಹೊಡೆಯುವ ಕಾಯಿಲೆಯಂಥ ಲಕ್ಷಣ. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ, ಗಿಡವನ್ನೇ ಸರಿಯಾಗಿ ಗುರುತಿಸಿಲ್ಲ ಅಂದಿತು. ಆ ವಾದ ಏನೇ ಇರಲಿ, ನನ್ನದು ಸಣ್ಣ ತರ್ಕ. ಈ ಡಬ್ಬ ನಿಜವಾಗಿ ಇಮ್ಯುನಿಟಿ ಏರಿಸುತ್ತದೋ ಇಲ್ಲವೋ? ಏರಿಸದಿದ್ದರೆ ಮಾರುವವರು ಸುಳ್ಳು ಹೇಳುತ್ತಿದ್ದಾರೆ. ಏರಿಸುವುದಾದರೆ ನಮ್ಮಮ್ಮನಂಥವರು ತೆಗೆದುಕೊಳ್ಳಬಾರದು ಅಂತ ದಪ್ಪ ಅಕ್ಷರದಲ್ಲಿ ಬರೆಯಬೇಕು. ಎರಡರಲ್ಲಿ ಒಂದನ್ನಾದರೂ ಮಾಡಲಿ.

ಹಾಗಂತ ಏನೂ ಮಾಡಲಾಗದು ಅಂತಲ್ಲ. ಹೊಟ್ಟೆಗಿಲ್ಲದ ಮಗುವಿನ ರಕ್ಷಣೆ ನಿಜವಾಗಿಯೂ ಕುಸಿಯುತ್ತದೆ, ಅದಕ್ಕೆ ಬೇಳೆ, ಹಾಲು, ಮೊಟ್ಟೆ ಸಾಕು. ಲಸಿಕೆಯನ್ನು ಬೂಸ್ಟರ್ ಅಂತ ಕರೆಯುತ್ತೇವಲ್ಲ ಅಂತೀರಾ? ಲಸಿಕೆ ಎಲ್ಲ ಕಣಗಳನ್ನೂ ಕೆರಳಿಸಿ ಬಿಡುವುದಿಲ್ಲ. ಇಂಥ ಒಂದು ಮುಖವನ್ನು ಗುರುತಿಟ್ಟುಕೋ ಅಂತ ಕಲಿಸುತ್ತದೆ.

ಅಮ್ಮನನ್ನು ಆ ಜುಲೈನಲ್ಲಿ ಕಾರು ಮಾಡಿಸಿ ಶಿವಮೊಗ್ಗಕ್ಕೆ ಕರೆದೊಯ್ದರು ಅಪ್ಪ. ಲಿವರ್ ಸರಿಯಿತ್ತು, ಪುಣ್ಯ. ಮಾತ್ರೆ ಮತ್ತೆ ಶುರುವಾಗಿ, ಕೈ ಒಂದು ಹದಕ್ಕೆ ಬರಲು ದೀಪಾವಳಿ ಆಯಿತು. ಬಲಗೈಯ ಎರಡು ಬೆರಳು ಮಾತ್ರ ಆಚೆಗೆ ವಾಲಿದ್ದು ಹಾಗೇ ಉಳಿದವು. ಸೊಪ್ಪು ಹೆಚ್ಚುವಾಗ ಈಳಿಗೆಮಣೆಯ ಮುಂದೆ ಅವಳು ಎಡಗೈ ಮುಂದೆ ಮಾಡುವುದನ್ನು ನೋಡಿದಾಗಲೆಲ್ಲ ನನಗೆ ಆ ಎರಡೂವರೆ ತಿಂಗಳು ನೆನಪಾಗುತ್ತದೆ. ನಾನೂ ದಿನಾ ಫೋನು ಮಾಡುತ್ತಿದ್ದೆ. ಊಟ ಆಯ್ತಾ ಅಂತ ಕೇಳಿದೆ, ಮಾಸ್ಕ್ ಹಾಕ್ಕೋ ಅಂದೆ, ಮಾತ್ರೆ ಬಗ್ಗೆ ಕೇಳಲಿಲ್ಲ.

ಕಳೆದ ವಾರ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಚಿಕ್ಕಪ್ಪನ ಇನ್ನೊಂದು ಫಾರ್ವರ್ಡ್, ಮಳೆಗಾಲದ ಇಮ್ಯುನಿಟಿಗೆ ಏಳು ಪುಡಿಗಳು. ನಾನು ಉತ್ತರ ಬರೆಯೋಕೆ ಕೂತಿದ್ದೆ, ಅಷ್ಟರಲ್ಲಿ ಅಮ್ಮನೇ ಬರೆದಳು: "ನಂಗೆ ಇರೋದೇ ಜಾಸ್ತಿ ಆಗಿದೆ ಮಾರಾಯ. ಬೇಕಾದ್ರೆ ನೀನೇ ಸ್ವಲ್ಪ ತಗೊಂಡು ಹೋಗು." ಚಿಕ್ಕಪ್ಪ ಎರಡು ನಮಸ್ಕಾರದ ಚಿತ್ರ ಹಾಕಿ ಸುಮ್ಮನಾದರು.