ಬರ ಕಂಡ ಅಪ್ಪ, ನೀರು ಕಂಡ ಮಗ

ನಮ್ಮ ಬಿಜ್ಜರಗಿ ಕಡೆ ಒಕ್ಕಲುತನದ ಮನೆಗಳಲ್ಲಿ ಈ ಮಾತು ಮೇಲಿಂದ ಮೇಲೆ ಬರುತ್ತೆ. ಮಗ, "ಇನ್ನೊಂದ್ ಎಕರೆ ದ್ರಾಕ್ಷಿ ಹಚ್ಚೋಣ್ರಿ" ಅಂತಾನೆ. ಅಪ್ಪ, "ಬ್ಯಾಡ ತಮ್ಮಾ, ಜೋಳ ಇರ್ಲಿ" ಅಂತಾರೆ. ನಗರದಲ್ಲಿ ಕೂತ ನಮಗೆ ಅಪ್ಪ ಹಳೇ ಕಾಲದವರು ಅನ್ನಿಸಿಬಿಡುತ್ತೆ.

ಆದರೆ ಅಪ್ಪ 1972ರ ಬರದಲ್ಲಿ ಸಣ್ಣ ಹುಡುಗ. ಬತ್ತಿದ ಬಾವಿ, ಬರಿದಾದ ಹಗೇವು ನೋಡಿದವರು. ಮಗ ಬೆಳೆದದ್ದು ಡ್ರಿಪ್ ಪೈಪು, ಮಣೂಕದ ರೇಟು ನೋಡುತ್ತಾ. ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣಾ ನೀರು ತಿಕೋಟಾ ಭಾಗಕ್ಕೆ ಬಂದದ್ದನ್ನೂ ಕಂಡವನು. ಇಬ್ಬರೂ ಕಣ್ಣಾರೆ ಕಂಡದ್ದನ್ನೇ ಹೇಳ್ತಿದ್ದಾರೆ.

ಹಾಗಂತ "ಅವರವರ ಅಭಿಪ್ರಾಯ ಅವರವರಿಗೆ" ಅಂತ ಬಿಡೋಕಾಗಲ್ಲ. ಹೊಲ ಒಂದೇ, ಸಾಲವೂ ಒಂದೇ. ಅಭಿಪ್ರಾಯ ಎಲ್ಲಿಂದ ಬಂತು ಅನ್ನೋದು ಬೆಳೆದ ರೀತಿಯಿಂದ ಗೊತ್ತಾಗುತ್ತೆ. ಅದು ಸರಿಯೋ ತಪ್ಪೋ ಅನ್ನೋದಕ್ಕೆ ಲೆಕ್ಕವೇ ಬೇಕು. ಏಪ್ರಿಲ್‌ನಲ್ಲಿ ಬೋರ್‌ವೆಲ್ ಎಷ್ಟು ತಾಸು ನೀರು ಕೊಡುತ್ತೆ? ಟ್ಯಾಂಕರ್ ತರಿಸಿದರೆ ಖರ್ಚೆಷ್ಟು? ಒಂದು ವರ್ಷ ಮಳೆ ಕೈಕೊಟ್ಟರೆ ಕಂತು ಕಟ್ಟೋದು ಹೇಗೆ? ಇವನ್ನು ಬರೆದಿಟ್ಟರೆ "ಮೊದಲು ಕೃಷಿಹೊಂಡ, ಆಮೇಲೆ ದ್ರಾಕ್ಷಿ" ಅನ್ನೋ ಮೂರನೇ ದಾರಿ ಇಬ್ಬರಿಗೂ ಒಪ್ಪಿಗೆಯಾಗಬಹುದು.

ಆಫೀಸಿನಲ್ಲೂ ಅಷ್ಟೇ. ನಡುರಾತ್ರಿ ಸರ್ವರ್ ಕುಸಿದದ್ದನ್ನು ಕಂಡವರು "ಶುಕ್ರವಾರ ರಿಲೀಸ್ ಬೇಡ" ಅಂತಾರೆ. ಹೊಸಬರಿಗೆ ಅದು ಹೆದರಿಕೆ ಅನ್ನಿಸುತ್ತೆ.

ಮುಂದಿನ ಸಲ ಮನೆಗೆ ಫೋನ್ ಮಾಡಿದಾಗ ಮಾತು ಬಿಸಿಯಾದರೆ, "ಆಗ ಏನೇನ್ ಆಗಿತ್ರಿ?" ಅಂತ ಕೇಳಿ ನೋಡಿ. ಅಪ್ಪ ಹೇಳಿ ಮುಗಿಸಲಿ. ಲೆಕ್ಕದ ಹಾಳೆ ಆಮೇಲೆ ತೆಗೆಯೋಣ.