ಅಟ್ಟದ ಮೇಲಿನ ಕಾಗದಗಳು

ರಾಮನಾಥಪುರದ ಕಾವೇರಿ ದಂಡೆಗೂ ಕೈರೋ ನಗರಕ್ಕೂ ಬಹುದೂರ. ಆದರೂ ಅಲ್ಲಿನ ಯೆಹೂದಿ ಪ್ರಾರ್ಥನಾ ಮಂದಿರವೊಂದರ ಕೋಣೆಯಲ್ಲಿ ದೊರೆತ ಹರಕು ಕಾಗದಗಳು ನಮ್ಮ ಮನೆಗಳ ಅಟ್ಟದತ್ತ ನೋಡುವಂತೆ ಮಾಡುತ್ತವೆ.

ದೇವರ ಹೆಸರುಳ್ಳ ಬರಹವನ್ನು ನಾಶಪಡಿಸಬಾರದೆಂಬುದು ಯೆಹೂದಿಗಳ ಶ್ರದ್ಧೆ. ಪತ್ರಗಳೂ ದೇವರನ್ನು ನೆನೆದೇ ಆರಂಭವಾಗುತ್ತಿದ್ದುದರಿಂದ ಧರ್ಮಗ್ರಂಥಗಳ ಜೊತೆಗೆ ವ್ಯಾಪಾರದ ಲೆಕ್ಕ, ಸಾಲಪತ್ರ, ಕ್ಷೇಮಸಮಾಚಾರದ ಓಲೆಗಳೂ 'ಗೆನಿಜಾ' ಎಂಬ ಆ ಕೋಣೆ ಸೇರಿದವು. ವಿದ್ವಾಂಸ ಸಾಲೊಮನ್ ಶೆಖ್ಟರ್ 1896-97ರಲ್ಲಿ ಅಲ್ಲಿಂದ ತಂದ ಸುಮಾರು 1,93,000 ತುಣುಕುಗಳು ಇಂದು ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ. ಈಜಿಪ್ಟಿನ ಸ್ವತ್ತು ಇಂಗ್ಲೆಂಡಿಗೆ ಹೋದದ್ದು ಸರಿಯೇ ಎಂಬ ಚರ್ಚೆ ಬೇರೆ. ಅವು ಉಳಿದವು ಎಂಬುದಂತೂ ನಿಜ.

ಹೀಗೆ ಉಳಿದ ಗೆನಿಜಾ ಕಾಗದಗಳಲ್ಲಿ ನಮ್ಮ ಕರಾವಳಿಯೂ ಇದೆ. ಟ್ಯುನೀಷಿಯಾ ಮೂಲದ ವರ್ತಕ ಅಬ್ರಹಾಂ ಬೆನ್ ಯಿಜು 1132ರಲ್ಲಿ ಮಂಗಳೂರಿನಲ್ಲಿದ್ದ. ಆಶು ಎಂಬ ದಾಸಿಗೆ ಅದೇ ವರ್ಷ ಅಲ್ಲಿ ಬಿಡುಗಡೆ ನೀಡಿದ ಪತ್ರ ಉಳಿದಿದೆ. ಮೆಣಸು, ಅಡಿಕೆ, ಕಬ್ಬಿಣದ ಲೆಕ್ಕಗಳ ನಡುವೆ, ಏಡನ್‌ನಲ್ಲಿ ಅವನ ಪರವಾಗಿ ವ್ಯವಹರಿಸುತ್ತಿದ್ದ ದಾಸನೊಬ್ಬನ ಹೆಸರೂ ಬರುತ್ತದೆ. ಸ್ವರಗಳು ಸ್ಪಷ್ಟವಿಲ್ಲದ ಹೀಬ್ರೂ ಲಿಪಿಯ ಆ ಹೆಸರನ್ನು ಲೇಖಕ ಅಮಿತಾವ್ ಘೋಷ್, ಪ್ರೊ. ಬಿ.ಎ. ವಿವೇಕ ರೈ ಅವರ ನೆರವಿನಿಂದ 'ಬೊಮ್ಮ' ಎಂದು ಓದಿದರು. ಅದೇ ಕಾಲದಲ್ಲಿ ನಮ್ಮ ಹಾಸನದ ಸೀಮೆಯನ್ನು ವಿಷ್ಣುವರ್ಧನ ಆಳುತ್ತಿದ್ದ. ಅರಸನ ದಾನ, ದಂಡಯಾತ್ರೆಗಳು ಶಾಸನಗಳಿಂದ ತಿಳಿಯುತ್ತವೆ. ಒಬ್ಬ ಆಳಿನ ಕುಡಿತದ ರಂಪಾಟ ತಿಳಿಯಬೇಕಾದರೆ ಇಂಥ ಕಾಗದವೇ ಬೇಕು.

ನಾವೂ ಕಾಗದ ಕಾಲಿಗೆ ತಾಗಿದರೆ ಕಣ್ಣಿಗೊತ್ತಿಕೊಳ್ಳುವವರು, ಲೆಕ್ಕದ ಪುಸ್ತಕಕ್ಕೆ 'ಶ್ರೀ' ಬರೆದೇ ತೊಡಗುವವರು. ಆದರೆ ಮನೆ ಪಾಲಾದಾಗ ಆ ಪುಸ್ತಕಗಳು ತೂಕಕ್ಕೆ ಹೋಗುತ್ತವೆ. ಅರಕಲಗೂಡು ಸೀಮೆಯ ತಂಬಾಕು ಬೆಳೆಗಾರನ ಸಾಲದ ಚೀಟಿ, ರಾಮನಾಥಪುರದ ಹರಾಜು ಮಾರುಕಟ್ಟೆಯ ರಸೀದಿ ಯಾರಿಗೆ ಬೇಕು? ಈ ಪ್ರದೇಶದ ಕೃಷಿಯ ಚರಿತ್ರೆ ಬರೆಯುವವನಿಗೆ ಅವೇ ಬೇಕು.

ಮೈಸೂರು ವಿಶ್ವವಿದ್ಯಾಲಯಕ್ಕೆ ಇದು ಹೊಸ ಕೆಲಸವಲ್ಲ. ಅಲ್ಲಿನ ಪ್ರಾಚ್ಯವಿದ್ಯಾ ಸಂಶೋಧನಾಲಯದ ತಾಳೆಗರಿಗಳಿಂದಲೇ ಶಾಮಶಾಸ್ತ್ರಿಗಳು 1909ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಪ್ರಕಟಿಸಿದರು. ಗ್ರಂಥಗಳಿಗೆ ತೋರಿದ ಅಕ್ಕರೆಯನ್ನು ಚೀಟಿಗಳಿಗೂ ತೋರಬೇಕು. ಹಳೆಯ ಪತ್ರ ಹೊರಬಿದ್ದರೆ ಜಮೀನಿನ ವ್ಯಾಜ್ಯ ಎದ್ದೀತೆಂಬ ಮನೆತನಗಳ ಅಳುಕು ಸಹಜವೇ. ಆದ್ದರಿಂದ ಊರಿಗೇ ಬಂದು ಪ್ರತಿ ತೆಗೆದು ಮೂಲವನ್ನು ಮನೆಯವರಿಗೇ ಹಿಂದಿರುಗಿಸಲಿ. ಅವರು ಬಯಸಿದಷ್ಟು ವರ್ಷ ಆ ಪ್ರತಿಯನ್ನು ಮುಚ್ಚಿಡಲಿ.